ಗಂಡಸರ ಎದೆ ಆಪರೇಷನ್ ಆದ ಮೇಲೆ ಮತ್ತೆ ಜಿಮ್‌ಗೆ ಯಾವಾಗ?

ಗಂಡಸರಲ್ಲಿ ಎದೆ ಉಬ್ಬಿಕೊಳ್ಳುವ ತೊಂದರೆಗೆ ಗೈನೆಕೊಮಾಸ್ಟಿಯಾ ಎನ್ನುತ್ತಾರೆ. ಇದರ ಆಪರೇಷನ್‌ನಲ್ಲಿ ಸಾಮಾನ್ಯವಾಗಿ ಲೈಪೊಸಕ್ಷನ್ ಮಾಡಿ ಕೊಬ್ಬು ತೆಗೆಯುತ್ತಾರೆ. ಮೊಲೆತೊಟ್ಟಿನ ಸುತ್ತಲಿನ ಕಪ್ಪು ಭಾಗದ ಅಂಚಿನಲ್ಲಿ ಸಣ್ಣದಾಗಿ ಕೊಯ್ದು ಗ್ರಂಥಿಯನ್ನೂ ತೆಗೆಯುತ್ತಾರೆ. ಎದೆಯ ಸ್ನಾಯುವನ್ನು ಕತ್ತರಿಸುವುದಿಲ್ಲ. ಹಾಗಾದರೆ ವ್ಯಾಯಾಮಕ್ಕೆ ಏನು ಅಡ್ಡಿ ಅಂತ ಅನ್ನಿಸಬಹುದು, ಅಲ್ವಾ?

ಅಡ್ಡಿ ಇರುವುದು ಸ್ನಾಯುವಿಗೂ ಚರ್ಮಕ್ಕೂ ನಡುವೆ. ಅಲ್ಲಿದ್ದದ್ದನ್ನು ತೆಗೆದಿದ್ದಾರೆ. ಚರ್ಮ ಈಗ ಕೆಳಗಿನ ಪದರಕ್ಕೆ ಮತ್ತೆ ಅಂಟಿಕೊಳ್ಳಬೇಕು. ಅಷ್ಟರೊಳಗೆ ಎದೆಗೆ ಜಾಸ್ತಿ ಕೆಲಸ ಕೊಟ್ಟರೆ ಆ ಜಾಗದಲ್ಲಿ ರಕ್ತವೋ ನೀರೋ ತುಂಬಿಕೊಳ್ಳಬಹುದು. ಕೆಳಗೆ ಹೇಳಿರುವ ವಾರಗಳ ಲೆಕ್ಕ ಅಂದಾಜಿನದು. ನಿಮ್ಮ ಸರ್ಜನ್ ಬೇರೆ ಹೇಳಿದರೆ ಅವರ ಮಾತನ್ನೇ ಕೇಳಿ.

ಮೊದಲ ವಾರ

ಆಪರೇಷನ್ ಆದ ದಿನ ಅಥವಾ ಮರುದಿನದಿಂದಲೇ ಮನೆಯೊಳಗೆ ನಿಧಾನವಾಗಿ ಓಡಾಡಿ. ಕಾಲಿನಲ್ಲಿ ರಕ್ತ ಹೆಪ್ಪುಗಟ್ಟದಂತೆ ಇದು ಕಾಪಾಡುತ್ತದೆ. ತಲೆ, ಬೆನ್ನು ಸ್ವಲ್ಪ ಎತ್ತರದಲ್ಲಿರುವಂತೆ ದಿಂಬು ಇಟ್ಟು ಅಂಗಾತ ಮಲಗಿ.

ಹಾಸಿಗೆಯಿಂದ ಏಳುವುದನ್ನು ಹೊಸದಾಗಿ ಕಲಿಯಬೇಕಾಗುತ್ತದೆ. ಎರಡೂ ಕೈ ಊರಿ ಮೇಲೇಳುವಾಗ ಪುಷ್-ಅಪ್‌ನಲ್ಲಿ ಬಿಗಿಯುವ ಸ್ನಾಯುವೇ ಬಿಗಿಯುತ್ತದೆ. ಅದರ ಬದಲು ಪಕ್ಕಕ್ಕೆ ಹೊರಳಿ, ಕಾಲನ್ನು ಕೆಳಗೆ ಇಳಿಬಿಟ್ಟು, ಕಾಲಿನ ಭಾರದಿಂದಲೇ ಎದ್ದು ಕೂರಿ. ಜೊತೆಗೊಬ್ಬರು ಬೆನ್ನಿಗೆ ಕೈ ಕೊಟ್ಟರೆ ಇನ್ನೂ ಒಳ್ಳೆಯದು. ತಲೆಯ ಮೇಲಿಂದ ಹಾಕುವ ಟೀ ಶರ್ಟ್ ಬೇಡ, ಮುಂದೆ ಗುಂಡಿ ಇರುವ ಅಂಗಿ ಇರಲಿ.

ಬಿಗಿಯಾದ ಕಂಪ್ರೆಷನ್ ವೆಸ್ಟ್ ಕೊಟ್ಟಿರುತ್ತಾರೆ. ಅದನ್ನು ಸಾಮಾನ್ಯವಾಗಿ 4ರಿಂದ 6 ವಾರ ಹಾಕಿಕೊಳ್ಳಬೇಕು. ವೆಸ್ಟ್ ಮಡಚಿಕೊಂಡರೆ ಆ ಮಡಿಕೆ ಚರ್ಮದ ಮೇಲೆ ಗೆರೆಯಂತೆ ಒತ್ತುತ್ತದೆ. ದಿನಕ್ಕೆ ನಾಲ್ಕಾರು ಸಲ ಕೈಯಾಡಿಸಿ ಸರಿಮಾಡಿಕೊಳ್ಳಿ.

ಒಂದು ಕಡೆ ಎದೆ ಇದ್ದಕ್ಕಿದ್ದಂತೆ ಊದಿಕೊಂಡು, ಬಿಗಿದು, ನೋವು ಏರುತ್ತಾ ಹೋದರೆ ಒಳಗೆ ರಕ್ತ ಸೇರುತ್ತಿರಬಹುದು. ಮೊದಲ ಒಂದೆರಡು ದಿನ ಈ ಭಯ ಜಾಸ್ತಿ. ಬೆಳಗಾಗಲಿ ಎಂದು ಕಾಯಬೇಡಿ, ಆಗಲೇ ಡಾಕ್ಟರಿಗೆ ಫೋನ್ ಮಾಡಿ. ಜ್ವರ, ಕೀವು ಬಂದರೂ ತಕ್ಷಣ ತಿಳಿಸಿ. ಮೀನಖಂಡ ಊದಿ ನೋಯುತ್ತಿದ್ದರೆ ಅಥವಾ ಉಸಿರು ಕಟ್ಟಿದರೆ ನೇರವಾಗಿ ಎಮರ್ಜೆನ್ಸಿಗೇ ಹೋಗಿ.

ಎರಡು, ಮೂರನೇ ವಾರ

ನನ್ನ ಪ್ರಕಾರ ಎಲ್ಲಕ್ಕಿಂತ ಎಚ್ಚರ ಬೇಕಾದದ್ದು ಈಗ. ನೋವು ಬಹುತೇಕ ಹೋಗಿರುತ್ತದೆ, ಕನ್ನಡಿಯಲ್ಲಿ ಎದೆ ಚಪ್ಪಟೆಯಾಗಿ ಕಾಣುತ್ತದೆ, ಮನಸ್ಸು ಜಿಮ್ ಕಡೆ ಎಳೆಯುತ್ತದೆ. ಆದರೆ ಗಾಯಕ್ಕೆ ಇನ್ನೂ ಶಕ್ತಿ ಬಂದಿರುವುದಿಲ್ಲ. ಮೂರು ವಾರಕ್ಕೆ ಅದು ಮಾಮೂಲಿ ಚರ್ಮದ ಗಟ್ಟಿತನದ ಅರ್ಧವನ್ನೂ ಮುಟ್ಟಿರುವುದಿಲ್ಲ. ವಾಕಿಂಗ್ ಹೆಚ್ಚಿಸಿ. ಡಾಕ್ಟರ್ ಒಪ್ಪಿದರೆ ಮೂರನೇ ವಾರಕ್ಕೆ ನಿಂತಲ್ಲೇ ಇರುವ ಸೈಕಲ್ ತುಳಿಯಬಹುದು. ಹ್ಯಾಂಡಲ್ ಮೇಲೆ ಭಾರ ಹಾಕಬೇಡಿ. ಭುಜ ಬಿಗಿದುಕೊಳ್ಳದಂತೆ ಮೆಲ್ಲಗೆ ತಿರುಗಿಸುತ್ತಿರಿ. ತಲೆಯ ಮೇಲೆ ಕೈ ಚಾಚುವುದು, ಭಾರ ಎತ್ತುವುದು ಬೇಡ.

ನಾಲ್ಕನೇ ವಾರದಿಂದ

ಕಾಲಿನ ವ್ಯಾಯಾಮ ಶುರು ಮಾಡಬಹುದು. ಹೆಗಲ ಮೇಲೆ ಬಾರ್ ಹೊತ್ತು ಸ್ಕ್ವಾಟ್ ಮಾಡುವುದಕ್ಕಿಂತ ಕೂತು ಮಾಡುವ ಮಷಿನ್ ಒಳ್ಳೆಯದು. ಉಸಿರು ಹಿಡಿದು ತಿಣುಕಬೇಡಿ, ರಕ್ತದೊತ್ತಡ ಏರುತ್ತದೆ. ಈಜು ಹೊಲಿಗೆ ಪೂರ್ತಿ ಮಾಗಿದ ಮೇಲೆಯೇ.

ಈ ಹೊತ್ತಿಗೆ ಮೊಲೆತೊಟ್ಟಿನ ಕೆಳಗೆ ಬೆರಳಿಟ್ಟರೆ ಗಟ್ಟಿ ಗಂಟು ಸಿಗಬಹುದು. ಮತ್ತೆ ಬಂತಾ ಎಂದು ಗಾಬರಿಯಾಗುವುದು ಸಹಜ. ಸಾಮಾನ್ಯವಾಗಿ ಅದು ಒಳಗಾಯ ಮಾಗುವಾಗ ಆಗುವ ಗಟ್ಟಿತನ, ಕೆಲವು ತಿಂಗಳಲ್ಲಿ ಮೆತ್ತಗಾಗುತ್ತದೆ. ಮುಂದಿನ ಭೇಟಿಯಲ್ಲಿ ಡಾಕ್ಟರಿಗೆ ತೋರಿಸಿ. ಜೋಮು ಹಿಡಿದಂತಿರುವುದೂ ಹಾಗೇ, ನಿಧಾನವಾಗಿ ಕಡಿಮೆಯಾಗುತ್ತದೆ.

ಆರು ವಾರ ಕಳೆದ ಮೇಲೆ

ಸರ್ಜನ್ ನೋಡಿ ಒಪ್ಪಿಗೆ ಕೊಟ್ಟರೆ ಎದೆಯ ವ್ಯಾಯಾಮ. ಮೊದಲು ಗೋಡೆಗೆ ಕೈ ಊರಿ ಪುಷ್-ಅಪ್. ಮರುದಿನ ಊತ ಇಲ್ಲದಿದ್ದರೆ ಹಗುರ ಡಂಬೆಲ್. ಬೆಂಚ್ ಪ್ರೆಸ್‌ಗೆ ಹಳೆಯ ತೂಕದ ಅರ್ಧಕ್ಕಿಂತ ಕಡಿಮೆ ಇಟ್ಟು, ವಾರ ವಾರಕ್ಕೆ ಸ್ವಲ್ಪ ಸ್ವಲ್ಪ ಏರಿಸಿ. ಊತ ಕಂಡರೆ ನಿಲ್ಲಿಸಿ, ಡಾಕ್ಟರಿಗೆ ತೋರಿಸಿ. ಕುಸ್ತಿ, ಬಾಕ್ಸಿಂಗ್‌ನಂಥ ಎದೆಗೆ ಪೆಟ್ಟು ಬೀಳುವ ಆಟಗಳಿಗೆ ಇನ್ನಷ್ಟು ಕಾಯಿರಿ.

ಮೈ ಬೆಳೆಸಲು ಅನಾಬಾಲಿಕ್ ಸ್ಟೆರಾಯ್ಡ್ ತೆಗೆದುಕೊಳ್ಳುತ್ತಿದ್ದರೆ ಮುಚ್ಚಿಡದೆ ಸರ್ಜನ್‌ಗೆ ಹೇಳಿ. ಗಂಡಸರ ಎದೆ ಉಬ್ಬಲು ಅದೂ ಒಂದು ಕಾರಣ. ಮೊಲೆತೊಟ್ಟು ಒಳಗೆ ಕುಸಿಯದಿರಲಿ ಎಂದು ಗ್ರಂಥಿಯನ್ನು ಸ್ವಲ್ಪ ಉಳಿಸಿರುತ್ತಾರೆ. ಸ್ಟೆರಾಯ್ಡ್ ಮುಂದುವರಿದರೆ ಅದು ಮತ್ತೆ ಬೆಳೆಯಬಹುದು.