ಮುಖ ಕಪ್ಪಾಯಿತೇ? ಫೋಟೋ ಅಳಿಸಬೇಡಿ

ಕಿಟಕಿಗೆ ಬೆನ್ನು ಹಾಕಿ ಕೂತವರ ಫೋಟೋ ತೆಗೆದಿದ್ದೀರಿ. ಹೊರಗಿನ ಆಕಾಶ ಚೆನ್ನಾಗಿದೆ, ಮುಖ ಮಾತ್ರ ಕಪ್ಪು. ಇದನ್ನು ಗಿಂಪ್‌ನಂಥ ಉಚಿತ ತಂತ್ರಾಂಶದಲ್ಲೇ ಸರಿಮಾಡಬಹುದು.

ಮೊದಲು ಫೋಟೋದ ಇನ್ನೊಂದು ಪ್ರತಿ ಮಾಡಿಟ್ಟುಕೊಳ್ಳಿ. ತಿದ್ದಿದ್ದೆಲ್ಲ ಆ ಪ್ರತಿಯಲ್ಲೇ ಇರಲಿ.

ಈಗ ಎಲ್ಲರ ಕೈಯೂ ಬ್ರೈಟ್‌ನೆಸ್ ಕಡೆಗೇ ಹೋಗುತ್ತದೆ, ಅಲ್ವಾ? ಅದನ್ನು ಮುಟ್ಟಬೇಡಿ. ಸುಮ್ನೆ ಎಲ್ಲವನ್ನೂ ಒಟ್ಟಿಗೆ ಬೆಳಗಿಸಲು ಹೋದರೆ ಕಪ್ಪು ಕೂದಲು ಬೂದಿ ಬಳಿದಂತೆ ಕಾಣುತ್ತದೆ. ಬದಲಿಗೆ ಕಲರ್ಸ್ ಮೆನುವಿನಲ್ಲಿ ಲೆವೆಲ್ಸ್ ತೆರೆಯಿರಿ. ಗುಡ್ಡದ ಸಾಲಿನಂತೆ ಕಾಣುವುದೇ ಹಿಸ್ಟೋಗ್ರಾಮ್, ಅಂದರೆ ಫೋಟೋದಲ್ಲಿ ಕಪ್ಪೆಷ್ಟು, ಬೆಳಕೆಷ್ಟು ಎಂದು ತೋರಿಸುವ ನಕ್ಷೆ. ಸಾಮಾನ್ಯ ಜೆಪೆಗ್ ಫೋಟೋದಲ್ಲಿ ಎಡತುದಿ 0, ಅಂದರೆ ಪೂರ್ತಿ ಕಪ್ಪು. ಬಲತುದಿ 255, ಪೂರ್ತಿ ಬಿಳುಪು.

ಇಡೀ ಫೋಟೋ ಮಂಕಾಗಿದ್ದರೆ ಗುಡ್ಡ ಬಲತುದಿ ಮುಟ್ಟುವ ಮೊದಲೇ ಮುಗಿದಿರುತ್ತದೆ. ಬಲಗಡೆಯ ಬಿಳಿ ತ್ರಿಕೋನವನ್ನು ಗುಡ್ಡದ ಬುಡಕ್ಕೆ ಎಳೆದುತನ್ನಿ. ಇನ್ನೂ ಬೆಳಕು ಬೇಕಾದರೆ ನಡುವಿನ ತ್ರಿಕೋನವನ್ನು ಸ್ವಲ್ಪ ಎಡಕ್ಕೆ ಸರಿಸಿ. ಅಷ್ಟೇ ಕೆಲಸ.

ನಮ್ಮ ಕಿಟಕಿ ಫೋಟೋ ಇಷ್ಟು ಸುಲಭಕ್ಕೆ ಬಗ್ಗುವುದಿಲ್ಲ. ಅದರಲ್ಲಿ ಗುಡ್ಡ ಎರಡೂ ತುದಿಯಲ್ಲಿದೆ. ಮುಖ ಬೆಳಗಿಸಲು ಹೋದರೆ ಆಕಾಶ ಬಿಳುಚಿಕೊಳ್ಳುತ್ತದೆ. ಹಾಗಾಗಿ ಲೇಯರ್ ಅನ್ನು, ಅಂದರೆ ಫೋಟೋ ಇರುವ ಪದರವನ್ನು, ನಕಲು ಮಾಡಿ, ಮೇಲಿನದರಲ್ಲಿ ಮುಖ ಸರಿಕಾಣುವಷ್ಟು ಬೆಳಕು ಏರಿಸಿ. ಆಕಾಶದ ಚಿಂತೆ ಬಿಡಿ. ನಂತರ ಆ ಲೇಯರ್‌ಗೆ ಕಪ್ಪು ಮಾಸ್ಕ್, ಅಂದರೆ ಅದನ್ನು ಮರೆಮಾಡುವ ಮುಸುಕು, ಹಾಕಿ. ಮಾಡಿದ್ದೆಲ್ಲ ಮಾಯವಾಗುತ್ತದೆ, ಗಾಬರಿ ಬೇಡ. ಅಂಚು ಮೆತ್ತಗಿರುವ ಬ್ರಷ್‌ನಿಂದ ಮಾಸ್ಕ್ ಮೇಲೆ, ಮುಖ ಇರುವ ಜಾಗದಲ್ಲಿ ಬಿಳಿ ಬಣ್ಣ ಬಳಿಯಿರಿ. ಬಳಿದಲ್ಲಿ ಮಾತ್ರ ಬೆಳಕು ಬರುತ್ತದೆ. ಕೆನ್ನೆಯಿಂದ ಆಚೆ ಹೋಯಿತೇ? ಕಪ್ಪು ಬಳಿದು ಅಳಿಸಿ. ಕೊನೆಗೆ ಲೇಯರ್‌ನ ಒಪಾಸಿಟಿ, ಅಂದರೆ ಅದು ಕಾಣುವ ದಟ್ಟತೆ, ಒಂದಿಷ್ಟು ಇಳಿಸಿ. ನಾನು ಇದನ್ನು ಮರೆತಾಗೆಲ್ಲ ಮುಖಕ್ಕೆ ಪೌಡರ್ ಮೆತ್ತಿದ ಹಾಗಾಗಿದೆ.

ಬೆಳಕು ಜಾಸ್ತಿಯಾದ ಫೋಟೋದ ಕಥೆ ಬೇರೆ. ನೆರಳಿನಲ್ಲಿ ವಿವರ ಅಡಗಿ ಕೂತಿರುತ್ತದೆ, ಆದರೆ ಪೂರ್ತಿ 255ಕ್ಕೆ ಹೋದ ಜಾಗದಲ್ಲಿ ಏನೂ ಉಳಿದಿರುವುದಿಲ್ಲ. ಎಷ್ಟೇ ಇಳಿಸಿದರೂ ಬಿಳುಪು ಬೂದಿಯಾಗುತ್ತದೆಯೇ ಹೊರತು ಮೋಡ ಕಾಣುವುದಿಲ್ಲ. ರಾ ಫೈಲ್ (ಕ್ಯಾಮೆರಾ ಸಂಸ್ಕರಿಸದೆ ಉಳಿಸಿದ ಮೂಲ ಫೈಲ್) ಇದ್ದರೆ ಡಾರ್ಕ್‌ಟೇಬಲ್ ಎಂಬ ಉಚಿತ ತಂತ್ರಾಂಶದಲ್ಲಿ ತೆರೆದು ನೋಡಿ. ಜೆಪೆಗ್‌ನಲ್ಲಿ ಕಳೆದುಹೋದ ಮೋಡ ಕೆಲವೊಮ್ಮೆ ಅಲ್ಲಿ ಸಿಗುತ್ತದೆ.

ನೆರಳು ಎತ್ತುವುದಕ್ಕೂ ಮಿತಿ ಇದೆ. ಫೋಟೋವನ್ನು 100 ಶೇಕಡಾ ಜೂಮ್‌ನಲ್ಲಿ, ಅಂದರೆ ಅದರ ನಿಜ ಗಾತ್ರದಲ್ಲಿ, ನೋಡಿ. ಕೆನ್ನೆಯ ಮೇಲೆ ಮರಳು ಚೆಲ್ಲಿದಂತೆ ಚುಕ್ಕಿಗಳು ಕಂಡರೆ ಒಂದು ಹೆಜ್ಜೆ ಹಿಂದೆ ಬನ್ನಿ.