ಬಸುರಿಯಾಗಿ ಹೊಸ ಕೆಲಸಕ್ಕೆ: ಯಾವಾಗ ಹೇಳಬೇಕು, ಹೇಗೆ ಬರೆದುಕೊಡಬೇಕು?

ತೋರಣಗಲ್ಲಿನ ಕಾರ್ಖಾನೆಯ ಕಚೇರಿ, ಬಳ್ಳಾರಿಯ ಜೀನ್ಸ್ ಹೊಲಿಗೆ ಘಟಕ, ಭಾನಾಪುರದ ಆಟಿಕೆ ಕಾರ್ಖಾನೆ, ಸಿಂಧನೂರಿನ ಅಕ್ಕಿ ಗಿರಣಿಯಲ್ಲಿ ಲೆಕ್ಕ ಬರೆಯುವ ಕೆಲಸ, ರಾಯಚೂರಿನ ಖಾಸಗಿ ಆಸ್ಪತ್ರೆಯ ನರ್ಸ್ ಹುದ್ದೆ. ಕೆಲಸ ಯಾವುದೇ ಇರಲಿ, ಸೇರುವ ಹೊತ್ತಿಗೇ ಮುಟ್ಟು ನಿಂತಿದ್ದರೆ ಮನೆಯಲ್ಲಿ ಎರಡು ಸಲಹೆ ಸಿಗುತ್ತವೆ: 'ಹೊಟ್ಟೆ ಕಾಣುವವರೆಗೆ ಬಾಯಿ ಬಿಡಬೇಡ' ಅಥವಾ 'ಈ ಕೆಲಸವೇ ಬೇಡ, ಬಿಟ್ಟುಬಿಡು'. ಎರಡರಿಂದಲೂ ನಷ್ಟವೇ. ಬಸುರಿಗೆ ಹೊಸ ಕೆಲಸ ಸೇರುವ ಹಕ್ಕಿದೆ. ಸೇರಿದ ಮೇಲೆ ಸಂಬಳ ಸಹಿತ ಹೆರಿಗೆ ರಜೆ ಸಿಗುವುದು ಬಿಡುವುದು ಮುಖ್ಯವಾಗಿ ದಿನಗಳ ಲೆಕ್ಕದ ಮೇಲೆ ನಿಂತಿದೆ.

ಮೊದಲು ದಿನ ಎಣಿಸಿ

ಕೊನೆಯ ಮುಟ್ಟಿನ ಮೊದಲ ದಿನದಿಂದ 280 ದಿನ ಕೂಡಿಸಿದರೆ ಹೆರಿಗೆಯ ನಿರೀಕ್ಷಿತ ದಿನಾಂಕ ಬರುತ್ತದೆ. ಮೊದಲ ಮೂರು ತಿಂಗಳೊಳಗಿನ ಸ್ಕ್ಯಾನ್ ಬೇರೆ ದಿನಾಂಕ ತೋರಿಸಿದರೆ ಯಾವುದನ್ನು ಹಿಡಿಯಬೇಕೆಂದು ವೈದ್ಯರನ್ನೇ ಕೇಳಿ. ಆ ಒಂದೇ ದಿನಾಂಕ ತಾಯಿ ಕಾರ್ಡ್‌ನಲ್ಲೂ ವೈದ್ಯರ ಪ್ರಮಾಣಪತ್ರದಲ್ಲೂ ನೀವು ಕೊಡುವ ಅರ್ಜಿಯಲ್ಲೂ ಇರಲಿ. ಮೂರು ಕಾಗದದಲ್ಲಿ ಮೂರು ದಿನಾಂಕ ಇದ್ದರೆ ಕಡತ ಅಲ್ಲೇ ನಿಲ್ಲುತ್ತದೆ.

ಕಾನೂನಿನ ಷರತ್ತು ಇದು: ನಿರೀಕ್ಷಿತ ಹೆರಿಗೆಯ ಹಿಂದಿನ 12 ತಿಂಗಳಲ್ಲಿ ಅದೇ ಮಾಲೀಕರ ಬಳಿ ಕನಿಷ್ಠ 80 ದಿನ ಕೆಲಸ ಮಾಡಿರಬೇಕು. ಹಳೆಯ ಕಂಪನಿಯಲ್ಲಿ ದುಡಿದ ದಿನಗಳು ಇದಕ್ಕೆ ಸೇರುವುದಿಲ್ಲ. 1961ರ ಹೆರಿಗೆ ಸೌಲಭ್ಯ ಕಾಯ್ದೆಯಲ್ಲಿದ್ದ ಈ ನಿಯಮ ಈಗ 2020ರ ಸಾಮಾಜಿಕ ಭದ್ರತಾ ಸಂಹಿತೆಯಲ್ಲಿದೆ. ಸಂಹಿತೆ 2025ರ ನವೆಂಬರ್ 21ರಿಂದ ಜಾರಿಗೆ ಬಂದಿದೆ. ರಜೆ 26 ವಾರ, ಅದರಲ್ಲಿ ಹೆರಿಗೆಗೆ ಮುಂಚೆ ಹೆಚ್ಚೆಂದರೆ 8 ವಾರ. ಈಗಾಗಲೇ ಎರಡು ಮಕ್ಕಳಿದ್ದರೆ 12 ವಾರ, ಮುಂಚಿತವಾಗಿ 6 ವಾರ.

ಅಕ್ಟೋಬರ್ 20ಕ್ಕೆ ದಿನ ತುಂಬುತ್ತದೆ ಎಂದುಕೊಳ್ಳಿ. ಎಂಟು ವಾರ ಮುಂಚೆ ಎಂದರೆ ಆಗಸ್ಟ್ 25. ಏಪ್ರಿಲ್ 1ಕ್ಕೆ ಸೇರಿದವರಿಗೆ ಅಷ್ಟರೊಳಗೆ 80 ದಿನ ದಾಟಿರುತ್ತದೆ, ಚಿಂತೆಯಿಲ್ಲ. ಜೂನ್ 15ಕ್ಕೆ ಸೇರಿದವರ ಕಥೆ ಬೇರೆ. ವಾರಕ್ಕೆ ಆರು ದಿನದ ಕೆಲಸವಾದರೆ 80 ದಿನ ಮುಗಿಯಲು ಕ್ಯಾಲೆಂಡರಿನ ಸುಮಾರು 93 ದಿನ ಬೇಕು, ಅಂದರೆ ಸೆಪ್ಟೆಂಬರ್ 16ರ ತನಕ ಕೆಲಸಕ್ಕೆ ಹೋಗಬೇಕು. ರಜೆ ಆಮೇಲೆ ಶುರುಮಾಡಿ. ಮುಂಚೆ ತೆಗೆದುಕೊಳ್ಳದ ವಾರಗಳು ಹೆರಿಗೆಯ ನಂತರಕ್ಕೆ ಉಳಿಯುತ್ತವೆ. ಇಲ್ಲಿ ಆಗುವ ದೊಡ್ಡ ಎಡವಟ್ಟು ಕುಬಸದ ಕಾರ್ಯಕ್ಕೆಂದು ತವರಿಗೆ ಹೋಗಿ ಅಲ್ಲೇ ಉಳಿದುಬಿಡುವುದು. 74ನೇ ದಿನಕ್ಕೆ ಕೆಲಸ ನಿಂತರೆ ಆರು ದಿನದ ಕೊರತೆಗೆ ಆರು ತಿಂಗಳ ಸಂಬಳ ಕೈತಪ್ಪುತ್ತದೆ. ಕುಬಸ ಮುಗಿಸಿ ವಾಪಸ್ ಬನ್ನಿ, ದಿನ ತುಂಬಿಸಿ, ಆಮೇಲೆ ಬಾಣಂತನಕ್ಕೆ ಹೋಗಿ.

ಕಾನೂನು ಸಂಬಳ ಸಹಿತ ಎಂದು ಹೇಳಿದ ರಜಾದಿನಗಳೂ ಲೇಆಫ್ ದಿನಗಳೂ (ಕೆಲಸವಿಲ್ಲವೆಂದು ಮಾಲೀಕರೇ ಕೂರಿಸಿದ ದಿನಗಳು) ಈ 80ರಲ್ಲಿ ಸೇರುತ್ತವೆ. ವಾರದ ರಜೆಯನ್ನು ಲೆಕ್ಕಕ್ಕೆ ಹಿಡಿಯದಿರುವುದೇ ಸುರಕ್ಷಿತ. ಪೀಸ್ ರೇಟ್‌ನಲ್ಲಿ ಹೊಲಿಯುವವರು, ಗುತ್ತಿಗೆದಾರರ ಮೂಲಕ ಬರುವವರು ಹೋದ ಪ್ರತಿ ದಿನವನ್ನೂ ಒಂದು ನೋಟ್‌ಬುಕ್ಕಿನಲ್ಲಿ ಬರೆದಿಡಬೇಕು. ಹಾಜರಿ ಪುಸ್ತಕ ಮಾಲೀಕರ ಕೈಯಲ್ಲಿರುತ್ತದೆ, ನಿಮ್ಮ ಪುಸ್ತಕ ನಿಮ್ಮ ಕೈಯಲ್ಲಿರಲಿ. ಪ್ರತಿ ವಾರ ಅದರ ಫೋಟೊ ತೆಗೆದಿಟ್ಟರೆ ಇನ್ನೂ ಒಳ್ಳೆಯದು.

ಒಂದು ಕಹಿ ಸಂಗತಿಯನ್ನೂ ಹೇಳಬೇಕು. ಕಾರ್ಖಾನೆ, ಗಣಿ, ತೋಟಗಳನ್ನು ಬಿಟ್ಟರೆ ಅಂಗಡಿ ಮತ್ತಿತರ ಸಂಸ್ಥೆಗಳಿಗೆ ಈ ನಿಯಮ ಅನ್ವಯಿಸುವುದು 10 ಅಥವಾ ಹೆಚ್ಚು ಜನ ಕೆಲಸಕ್ಕಿದ್ದರೆ ಮಾತ್ರ. ಬಳ್ಳಾರಿಯ ಓಣಿಗಳಲ್ಲಿ ಆರೇಳು ಮಷಿನ್ ಇಟ್ಟುಕೊಂಡ ಘಟಕಕ್ಕೆ ಸೇರುವ ಮುಂಚೆ ಎಷ್ಟು ಜನ ಇದ್ದಾರೆ ಎಂದು ಎಣಿಸಿ. ಕಡಿಮೆ ಇದ್ದರೆ ಎಷ್ಟು ದಿನ ರಜೆ, ಎಷ್ಟು ಹಣ, ಮರಳಿದರೆ ಮಷಿನ್ ಇರುತ್ತದೆಯೇ ಎಂಬುದನ್ನು ಸೇರುವಾಗಲೇ ಕಾಗದದಲ್ಲಿ ಬರೆಸಿಕೊಳ್ಳಿ.

ಸಂದರ್ಶನದಲ್ಲಿ

ಬಸುರಿ ಎಂದು ಸಂದರ್ಶನದಲ್ಲಿ ತಾನಾಗಿ ಹೇಳಬೇಕೆಂಬ ಕಾನೂನಿಲ್ಲ. ಕೇಳಿದರೆ ಸುಳ್ಳು ಹೇಳಬೇಡಿ. 'ಈ ಕೆಲಸ ಮಾಡಲು ನನಗೆ ಯಾವ ತೊಂದರೆಯೂ ಇಲ್ಲ, ಮನೆಯ ವಿಷಯವನ್ನು ಇಲ್ಲಿ ಮಾತಾಡುವುದು ಬೇಡ' ಎಂದು ಸೌಮ್ಯವಾಗಿ ಹೇಳಿದರೆ ಸಾಕು. ಜೀವ ವಿಮಾ ನಿಗಮದಲ್ಲಿ ಪ್ರೊಬೇಷನ್‌ನಲ್ಲಿದ್ದ ನೀರಾ ಮಾಥುರ್ ಮುಟ್ಟು ಮತ್ತು ಬಸಿರಿನ ಬಗ್ಗೆ ಘೋಷಣಾ ಪತ್ರದಲ್ಲಿ ಸರಿಯಾಗಿ ತಿಳಿಸಲಿಲ್ಲವೆಂದು ಅವರನ್ನು ಕೆಲಸದಿಂದ ತೆಗೆದಾಗ, ಸುಪ್ರೀಂ ಕೋರ್ಟ್ 1991ರಲ್ಲಿ ಅವರನ್ನು ಮತ್ತೆ ಸೇರಿಸಿಕೊಳ್ಳಲು ಹೇಳಿತು. ಹೆಣ್ಣುಮಕ್ಕಳ ಮಾನಕ್ಕೆ ಕುಂದು ತರುವ ಆ ಕಲಂಗಳನ್ನು ಘೋಷಣಾ ಪತ್ರದಿಂದ ತೆಗೆಯಲೂ ಸೂಚಿಸಿತು.

ನೇಮಕಾತಿ ಪತ್ರ ಕೈಗೆ ಬರುವ ತನಕ ಹಳೆಯ ಕೆಲಸಕ್ಕೆ ರಾಜೀನಾಮೆ ಕೊಡಬೇಡಿ. ಫೋನಿನಲ್ಲಿ 'ಸೆಲೆಕ್ಟ್ ಆಗಿದ್ದೀರಿ' ಎಂದದ್ದು ಪತ್ರವಲ್ಲ.

ತಪಾಸಣೆಯ ದಿನ ಮುಚ್ಚಿಡಬೇಡಿ

ಕಾರ್ಖಾನೆಗೆ ಸೇರುವ ಮುಂಚಿನ ವೈದ್ಯಕೀಯ ತಪಾಸಣೆಯಲ್ಲಿ ಸಾಮಾನ್ಯವಾಗಿ ಎದೆಯ ಎಕ್ಸ್‌ರೇ ಇರುತ್ತದೆ. ಸಾಲಿನಲ್ಲಿ ನಿಲ್ಲಿಸಿ ಒಬ್ಬೊಬ್ಬರನ್ನೇ ಒಳಗೆ ಕಳಿಸುತ್ತಾರೆ, ಯಾರೂ ಏನೂ ಕೇಳುವುದಿಲ್ಲ. ನೀವೇ ಮುಂದಾಗಿ ಎಕ್ಸ್‌ರೇ ತೆಗೆಯುವವರಿಗೆ, ಇಲ್ಲವೇ ವೈದ್ಯರಿಗೆ ಹೇಳಿ. ಮುಟ್ಟು ಒಂದು ವಾರ ತಡವಾಗಿದ್ದರೂ ಹೇಳಿ. ಎಕ್ಸ್‌ರೇಯನ್ನು ಹೆರಿಗೆಯ ನಂತರಕ್ಕೆ ಮುಂದೂಡಬಹುದು, ತೀರಾ ಬೇಕೇಬೇಕಾದರೆ ಹೊಟ್ಟೆಗೆ ಸೀಸದ ಏಪ್ರನ್ ಹಾಕಿ ತೆಗೆಯುತ್ತಾರೆ. ಕೆಲಸ ಎಲ್ಲಿ ತಪ್ಪಿಹೋಗುತ್ತದೋ ಎಂಬ ಭಯ ಸಹಜ, ಆದರೆ ಈ ಜಾಗದಲ್ಲಿ ಮಾತ್ರ ಕೂಸೇ ಮೊದಲು.

ಕಚೇರಿಗೆ ಹೇಳುವ ಹೊತ್ತು

ಕುಳಿತು ಮಾಡುವ ಕೆಲಸವಾದರೆ ಮೂರು ತಿಂಗಳು ತುಂಬಿದ ಮೇಲೆ, ನಾಲ್ಕನೇ ತಿಂಗಳೊಳಗೆ ಹೇಳುವುದು ಒಳ್ಳೆಯದು. ಬದಲಿ ವ್ಯವಸ್ಥೆಗೆ ಕಚೇರಿಗೂ ಸಮಯ ಸಿಗುತ್ತದೆ. ಕೆಲವು ಜಾಗಗಳಲ್ಲಿ ಇಷ್ಟು ಕಾಯುವಂತಿಲ್ಲ, ಸೇರಿದ ವಾರವೇ ಹೇಳಬೇಕು: ಕುಲುಮೆಯ ಹತ್ತಿರದ ಬಿಸಿ, ಜೀನ್ಸ್ ವಾಷಿಂಗ್‌ನಲ್ಲಿ ಬ್ಲೀಚ್ ಮತ್ತು ಪೊಟ್ಯಾಸಿಯಂ ಪರ್ಮಾಂಗನೇಟ್ ಸಿಂಪಡಿಸುವ ವಿಭಾಗ, ಆಸ್ಪತ್ರೆಯ ಎಕ್ಸ್‌ರೇ ಕೋಣೆ, ಮೂಟೆ ಎತ್ತುವ ಕೆಲಸ. ಮೊದಲ ವಾರಗಳಲ್ಲಿ ಮೈ ಬಿಸಿ ವಿಪರೀತ ಏರಿದರೆ ಕೂಸಿನ ಬೆಳವಣಿಗೆಗೆ ಅಪಾಯ. ನಮ್ಮ ಕಡೆ ಏಪ್ರಿಲ್, ಮೇ ತಿಂಗಳಲ್ಲಿ ಹೊರಗೇ 40 ಡಿಗ್ರಿ ದಾಟುತ್ತದೆ, ತಗಡಿನ ಶೀಟಿನ ಕೆಳಗೆ ಕೇಳುವುದೇ ಬೇಡ. ಶೌಚಾಲಯ ದೂರವಿದೆಯೆಂದು ನೀರು ಕುಡಿಯುವುದನ್ನು ಕಡಿಮೆ ಮಾಡಿದರೆ ಮೂತ್ರದ ಸೋಂಕು ತಗಲುತ್ತದೆ, ಅದರಿಂದ ದಿನ ತುಂಬುವ ಮುಂಚೆಯೇ ನೋವು ಬರಬಹುದು.

ಹಗುರ ಕೆಲಸ ಕೇಳುವುದು ಬೇಡಿಕೊಳ್ಳುವ ವಿಷಯವಲ್ಲ. ಹೆರಿಗೆಗೆ ಆರು ವಾರ ಉಳಿದಿರುವುದಕ್ಕೂ ಹಿಂದಿನ ಒಂದು ತಿಂಗಳು, ಮತ್ತು ರಜೆ ಹಾಕದೆ ದುಡಿದರೆ ಆ ಆರು ವಾರ, ಹೆಂಗಸು ಕೋರಿದರೆ ಭಾರದ ಕೆಲಸವನ್ನಾಗಲಿ ಬಹಳ ಹೊತ್ತು ನಿಂತು ಮಾಡುವ ಕೆಲಸವನ್ನಾಗಲಿ ಕೊಡುವಂತಿಲ್ಲ. ಇದರ ನೆಪದಲ್ಲಿ ಸಂಬಳ ಕಡಿಯುವಂತೆಯೂ ಇಲ್ಲ.

ಪತ್ರ ಹೀಗಿರಲಿ

ಮೊದಲು ಮೇಲಧಿಕಾರಿಗೆ ಬಾಯಲ್ಲಿ ಹೇಳಿ, ಅದೇ ದಿನ ಬರವಣಿಗೆಯಲ್ಲೂ ಕೊಡಿ. ಸೂಪರ್‌ವೈಸರ್ 'ಆಯ್ತಮ್ಮ, ನೋಡ್ಕೊಳ್ತೀವಿ' ಅಂದದ್ದಕ್ಕೆ ಆರು ತಿಂಗಳ ನಂತರ ಸಾಕ್ಷಿ ಇರುವುದಿಲ್ಲ, ಅಷ್ಟರಲ್ಲಿ ಅವರೇ ಬದಲಾಗಿರಬಹುದು.

'ನಾನು (ಹೆಸರು, ನೌಕರರ ಸಂಖ್ಯೆ, ವಿಭಾಗ) ದಿನಾಂಕ ... ರಂದು ಕೆಲಸಕ್ಕೆ ಸೇರಿದ್ದೇನೆ. ನಾನು ಗರ್ಭಿಣಿಯಾಗಿದ್ದು, ಹೆರಿಗೆಯ ನಿರೀಕ್ಷಿತ ದಿನಾಂಕ ... . ವೈದ್ಯರ ಪ್ರಮಾಣಪತ್ರ ಲಗತ್ತಿಸಿದ್ದೇನೆ. ದಿನಾಂಕ ... ರಿಂದ ಹೆರಿಗೆ ರಜೆ ಮತ್ತು ಸೌಲಭ್ಯ ಮಂಜೂರು ಮಾಡಬೇಕು. ಆ ಅವಧಿಯಲ್ಲಿ ಬೇರೆ ಕಡೆ ಕೆಲಸ ಮಾಡುವುದಿಲ್ಲ. ಹಣವನ್ನು ನನಗೆ, ನಾನು ಇಲ್ಲದಿದ್ದರೆ (ಹೆಸರು, ಸಂಬಂಧ) ಇವರಿಗೆ ಕೊಡಬೇಕು.'

ಎರಡು ಪ್ರತಿ ಮಾಡಿ, ಒಂದರ ಮೇಲೆ ಸೀಲು, ಸಹಿ, ದಿನಾಂಕ ಹಾಕಿಸಿಕೊಳ್ಳಿ. ಸಹಿ ಹಾಕಲು ಒಪ್ಪದಿದ್ದರೆ ಸ್ಪೀಡ್ ಪೋಸ್ಟ್ ಮಾಡಿ ರಸೀದಿ ಇಟ್ಟುಕೊಳ್ಳಿ, ಜೊತೆಗೆ ಇಮೇಲನ್ನೂ ಕಳಿಸಿ. ಮೊದಲೇ ಕೊಡಲಾಗದಿದ್ದರೆ ಹೆರಿಗೆಯಾದ ಮೇಲೂ ಆದಷ್ಟು ಬೇಗ ಕೊಡಬಹುದು, ತಡವಾಯಿತೆಂದು ಹಕ್ಕು ಹೋಗುವುದಿಲ್ಲ. ಹೆರಿಗೆಗೆ ಮುಂಚಿನ ಅವಧಿಯ ಹಣವನ್ನು ಮುಂಗಡವಾಗಿ, ಉಳಿದದ್ದನ್ನು ಹೆರಿಗೆಯ ದಾಖಲೆ ಕೊಟ್ಟ 48 ಗಂಟೆಯೊಳಗೆ ಕೊಡಬೇಕು. ರಜೆಗೆ ಹಿಂದಿನ ಮೂರು ತಿಂಗಳ ಸಂಬಳದ ಸರಾಸರಿಯ ಮೇಲೆ ಮೊತ್ತ ನಿಲ್ಲುತ್ತದೆ, ಹಾಗಾಗಿ ಆ ಮೂರು ತಿಂಗಳ ಸಂಬಳದ ಚೀಟಿ ಜೋಪಾನ.

ಇಎಸ್‌ಐ ಇದ್ದರೆ ಇನ್ನೊಂದು ಲೆಕ್ಕ

ತಿಂಗಳ ಸಂಬಳ 21,000 ರೂಪಾಯಿ ಒಳಗಿದ್ದು ಇಎಸ್‌ಐ (ನೌಕರರ ರಾಜ್ಯ ವಿಮೆ) ಕಡಿತವಾಗುತ್ತಿದ್ದರೆ ಹೆರಿಗೆಯ ಹಣ ಇಎಸ್‌ಐನಿಂದ ಬರುತ್ತದೆ. ಅಲ್ಲಿ 80 ದಿನದ ಲೆಕ್ಕ ಇಲ್ಲ, ಹಿಂದಿನ ಎರಡು ವಂತಿಗೆ ಅವಧಿಗಳಲ್ಲಿ 70 ದಿನದ ವಂತಿಗೆ ಬೇಕು. ಅವಧಿಗಳು ಏಪ್ರಿಲ್‌ನಿಂದ ಸೆಪ್ಟೆಂಬರ್, ಅಕ್ಟೋಬರ್‌ನಿಂದ ಮಾರ್ಚ್. ಅಕ್ಟೋಬರ್ 20ರ ಹೆರಿಗೆಗೆ, ಆಗಷ್ಟೇ ಮುಗಿದ ಏಪ್ರಿಲ್‌ನಿಂದ ಸೆಪ್ಟೆಂಬರ್‌ನ ಅವಧಿಯನ್ನು ಹಿಡಿಯುವುದಿಲ್ಲ, ಲೆಕ್ಕಕ್ಕೆ ಬರುವುದು ಹಿಂದಿನ ವರ್ಷದ ಏಪ್ರಿಲ್‌ನಿಂದ ಈ ವರ್ಷದ ಮಾರ್ಚ್‌ವರೆಗಿನ ದಿನಗಳು. ಏಪ್ರಿಲ್‌ನಲ್ಲಿ ಸೇರಿದ ಹೊಸ ಕೆಲಸದ ಒಂದು ದಿನವೂ ಇದರಲ್ಲಿಲ್ಲ!

ಇಲ್ಲಿ ಹಳೆಯ ಕೆಲಸವೇ ಕೈಹಿಡಿಯುತ್ತದೆ. ಮುಂಚೆ ಬೇರೆ ಕಡೆ ಇಎಸ್‌ಐ ಇದ್ದರೆ ಆ ವಿಮಾ ಸಂಖ್ಯೆಯನ್ನೇ ಹೊಸ ಕಂಪನಿಗೆ ಕೊಡಿ. ಗಡಿಬಿಡಿಯಲ್ಲಿ ಹೊಸ ಸಂಖ್ಯೆ ಮಾಡಿಸಿಬಿಟ್ಟರೆ ಹಳೆಯ ವಂತಿಗೆ ಬೇರೆ ಖಾತೆಯಲ್ಲೇ ಉಳಿದು 'ಅರ್ಹತೆ ಇಲ್ಲ' ಎಂಬ ಉತ್ತರ ಬರುತ್ತದೆ.

ಮೊದಲ ಸಲ ಇಎಸ್‌ಐಗೆ ಸೇರಿದವರಿಗೆ ನಗದು ಸೌಲಭ್ಯ ತೆರೆಯುವುದು ಸೇರಿದ ಒಂಬತ್ತು ತಿಂಗಳ ನಂತರ. ಅಷ್ಟರಲ್ಲಿ ಹೆರಿಗೆ ಆಗಿಹೋಗಿರುತ್ತದೆ. ಆಗ ಕಚೇರಿಯವರು 'ಇಎಸ್‌ಐ ಕೇಳಿ' ಎನ್ನುತ್ತಾರೆ, ಇಎಸ್‌ಐನವರು 'ಇನ್ನೂ ಅರ್ಹತೆ ಬಂದಿಲ್ಲ' ಎನ್ನುತ್ತಾರೆ. ಎಷ್ಟೋ ಹೆಣ್ಣುಮಕ್ಕಳು ಇಲ್ಲಿಗೇ ಕೈಚೆಲ್ಲುತ್ತಾರೆ. ಕೈಚೆಲ್ಲಬೇಡಿ. ಇಎಸ್‌ಐ ಅರ್ಹತೆ ಬರುವ ತನಕ, 80 ದಿನ ದುಡಿದ ಹೆಂಗಸಿಗೆ ಹೆರಿಗೆಯ ಹಣ ಕೊಡುವ ಹೊಣೆ ಮಾಲೀಕರದ್ದೇ ಎಂದು ಕಾನೂನು ಸ್ಪಷ್ಟವಾಗಿ ಹೇಳಿದೆ.

ಕೆಲಸದಿಂದ ತೆಗೆದರೆ

ಹೆರಿಗೆ ರಜೆಯಲ್ಲಿರುವಾಗ ಕೆಲಸದಿಂದ ತೆಗೆಯುವುದು ಕಾನೂನುಬಾಹಿರ. ಬಸುರಿಯಾಗಿದ್ದಾಗ ತೆಗೆದುಹಾಕಿದರೂ, ತೆಗೆಯದಿದ್ದರೆ ಸಿಗುತ್ತಿದ್ದ ಸೌಲಭ್ಯ ಸಿಗಲೇಬೇಕು, ಗಂಭೀರ ದುರ್ನಡತೆಯ ಪ್ರಕರಣ ಬಿಟ್ಟು. ಗುತ್ತಿಗೆಯ ಅವಧಿ ರಜೆಯ ನಡುವೆ ಮುಗಿದರೂ ಪೂರ್ತಿ ಸೌಲಭ್ಯ ಕೊಡಬೇಕೆಂದು ಕವಿತಾ ಯಾದವ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ 2023ರಲ್ಲಿ ಹೇಳಿದೆ. ಹೊರಗುತ್ತಿಗೆಯ ನರ್ಸುಗಳು, ಡೇಟಾ ಎಂಟ್ರಿ ಆಪರೇಟರುಗಳು ಇದನ್ನು ನೆನಪಿಡಬೇಕು.

ಕೈಗೆ ಕೊಟ್ಟ 'ರಾಜೀನಾಮೆ'ಗೆ ಸಹಿ ಹಾಕಬೇಡಿ. ಸಹಿ ಬಿದ್ದ ಮೇಲೆ ಅದು ನೀವೇ ಬಿಟ್ಟ ಕೆಲಸ. ತೆಗೆದ ಆದೇಶವನ್ನು ಬರವಣಿಗೆಯಲ್ಲಿ ಕೇಳಿ, 60 ದಿನದೊಳಗೆ ದೂರು ಕೊಡಿ. ದೂರಿನ ದಾರಿ ಜಿಲ್ಲಾ ಕೇಂದ್ರದ ಕಾರ್ಮಿಕ ಅಧಿಕಾರಿಯ ಕಚೇರಿಯಿಂದ ಶುರುವಾಗುತ್ತದೆ. ವಕೀಲರ ಖರ್ಚಿಗೆ ಹೆದರಬೇಡಿ: ಬಳ್ಳಾರಿ, ರಾಯಚೂರು, ಕೊಪ್ಪಳದ ಜಿಲ್ಲಾ ಕಾನೂನು ಸೇವೆಗಳ ಪ್ರಾಧಿಕಾರಗಳಲ್ಲಿ ಹೆಣ್ಣುಮಕ್ಕಳಿಗೆ ಆದಾಯದ ಮಿತಿ ಇಲ್ಲದೆ ಉಚಿತ ನೆರವು ಇದೆ, ಸಹಾಯವಾಣಿ 15100. ಹೋಗುವಾಗ ನೇಮಕಾತಿ ಪತ್ರ, ಸೀಲು ಬಿದ್ದ ಅರ್ಜಿಯ ಪ್ರತಿ, ತಾಯಿ ಕಾರ್ಡ್, ಸಂಬಳದ ಚೀಟಿ, ದಿನ ಬರೆದ ನೋಟ್‌ಬುಕ್ ಇಷ್ಟನ್ನೂ ಜೆರಾಕ್ಸ್ ಸಮೇತ ಒಯ್ಯಿರಿ. ಮೂಲ ಪ್ರತಿಗಳನ್ನು ತೋರಿಸಿ, ಕೊಟ್ಟು ಬರಬೇಡಿ.