ಬಾಯಿಬಿಟ್ಟು ಹೇಳಿದರಾ?

ಕೆಲಸಕ್ಕೆ ಸೇರಿ ಎರಡನೇ ವರ್ಷ. ಮೀಟಿಂಗ್ ಮುಗಿದ ಮೇಲೆ ಮಿನಿಟ್ಸ್ ಬರೆದು ಎಲ್ಲರಿಗೂ ಮೇಲ್ ಮಾಡುವುದು ನನ್ನ ಪಾಲಿನ ಕೆಲಸವಾಗಿತ್ತು. ಅವತ್ತು ಗಿರಾಕಿ ಕಡೆಯವರು ರೇಟಿನ ಬಗ್ಗೆ ಅರ್ಧ ಗಂಟೆ ಸುತ್ತಿ ಬಳಸಿ ಮಾತಾಡಿದ್ದರು. ನಾನು ಸ್ವಲ್ಪ ಜಂಬದಿಂದಲೇ, ‘ರೇಟು ಜಾಸ್ತಿಯಾಯಿತು ಎಂದು ಇನ್ ಸೋ ಮೆನಿ ವರ್ಡ್ಸ್ ಹೇಳಿದರು’ ಎಂದು ಇಂಗ್ಲಿಷಿನಲ್ಲಿ ಬರೆದೆ. ಅಷ್ಟೊಂದು ಮಾತಾಡಿದ್ದರಲ್ವಾ, ಅದಕ್ಕೆ.

ಊಟಕ್ಕೆ ಏಳುವಷ್ಟರಲ್ಲಿ ಫೋನ್ ಬಂತು. ‘ನಾವು ಯಾವಾಗ ಹಾಗಂದ್ವಿ ಸಾರ್?’

ಡಿಕ್ಷನರಿ ತೆಗೆದು ನೋಡಿದರೆ ಅರ್ಥ ಪೂರ್ತಿ ಉಲ್ಟಾ! ಯಾವ ಮಾತೋ ಅದೇ ಮಾತಲ್ಲಿ, ಏನೂ ಮುಚ್ಚಿಡದೆ ಹೇಳುವುದಕ್ಕೆ ಈ ನುಡಿಗಟ್ಟು. ಲ್ಯಾಟಿನ್ನಿನಲ್ಲೂ ‘ತೊತಿದೆಮ್ ವೆರ್ಬಿಸ್’ ಅಂತ ಇದೆ, ‘ಅಷ್ಟೇ ಮಾತುಗಳಲ್ಲಿ’ ಎಂದು ಅದರರ್ಥ. ನಾನು ಎಡವಿದ್ದು ಅಲ್ಲೇ. ‘ಅಷ್ಟೇ’ ಅನ್ನುವ ಕಡೆ ‘ಅಷ್ಟೊಂದು’ ಅಂದುಕೊಂಡಿದ್ದೆ.

ಡಿಕ್ಷನರಿ ಅರ್ಥ ಬಾಯಿಪಾಠ ಮಾಡಿದರೂ ಬರೆಯುವಾಗ ಕೈ ತಡೆಯುತ್ತಿತ್ತು. ಅದು ಬಿಟ್ಟಿದ್ದು ಅಕ್ಕನಿಗೆ ಗಂಡು ನೋಡುವ ಕಾಲದಲ್ಲಿ. ಬಂದವರು ಉಪ್ಪಿಟ್ಟು, ಕೇಸರಿಬಾತ್ ತಿಂದು, ಕಾಫಿ ಕುಡಿದು, ‘ಊರಿಗೆ ಹೋಗಿ ತಿಳಿಸ್ತೀವಿ’ ಎಂದು ಚಪ್ಪಲಿ ಮೆಟ್ಟಿದರು. ಗೇಟು ಹಾಕಿದ ಮೇಲೆ ಅಪ್ಪ, ‘ಏನಂತೆ, ಒಪ್ಪಿಗೆ ಇಲ್ವಂತಾ?’ ಎಂದರು. ಅಮ್ಮ ತಟ್ಟೆ ಎತ್ತುತ್ತಾ, ‘ಬಾಯಿಬಿಟ್ಟು ಹೇಳ್ಲಿಲ್ಲ’ ಅಂದಳು. ನಾಟ್ ಇನ್ ಸೋ ಮೆನಿ ವರ್ಡ್ಸ್! ಅಕ್ಕ ಮುಖ ಊದಿಸಿಕೊಂಡಿದ್ದಳು, ನಾನೊಬ್ಬನೇ ನಗುತ್ತಿದ್ದೆ. ಬೈಸಿಕೊಂಡೆ ಕೂಡ.

ಅವತ್ತಿನಿಂದ ಇದನ್ನು ಬರೆಯುವ ಮೊದಲು ಮನಸ್ಸಿನಲ್ಲೇ ‘ಬಾಯಿಬಿಟ್ಟು’ ಹಾಕಿ ನೋಡುತ್ತೇನೆ. ಕೂತರೆ ಸರಿ. ಇಂಗ್ಲಿಷಿನಲ್ಲೂ ಇದು ಜಾಸ್ತಿ ಕೇಳಿಸುವುದು ‘ನಾಟ್’ ಜೊತೆಗೇ. ‘ಬೇಡ ಅಂದ್ರಾ?’ ಎಂದರೆ, ‘ಬಾಯಿಬಿಟ್ಟು ಅನ್ನಲಿಲ್ಲ, ಆದರೆ ಗೊತ್ತಾಯ್ತು’ ಅನ್ನುವ ಕಡೆ.

ಒಂದು ತೊಡಕಿದೆ. ಎಷ್ಟೋ ಇಂಗ್ಲಿಷ್ ಮಾತಿನವರೇ ಇದನ್ನು ‘ಹೆಚ್ಚುಕಮ್ಮಿ ಹಾಗೇ ಅಂದರು’ ಅನ್ನುವುದಕ್ಕೂ ಬಳಸುತ್ತಾರೆ. ಹಾಗಾಗಿ ಮಾತಿನಲ್ಲಿ ಬಂದರೆ ಬರಲಿ, ಮಿನಿಟ್ಸ್‌ನಲ್ಲಿ ಮಾತ್ರ ನಾನು ಇದನ್ನು ಹಾಕುವುದಿಲ್ಲ. ಯಾರು ಏನಂದರೋ ಅದನ್ನೇ ಕೋಟ್ ಒಳಗೆ ಬರೆದುಬಿಡುತ್ತೇನೆ. ಆಮೇಲೆ ಆ ಥರ ಫೋನ್ ಬಂದಿಲ್ಲ.